ತಪಾಸಣೆ ಬೆಂಚಿನ ನೆಂಟರು

ಕಾಡತೂಸು ಕಾರ್ಖಾನೆಯ ತಪಾಸಣೆ ಹಾಲಿನಲ್ಲಿ ನೆಂಟರು ಬಂದಿದ್ದಾರೆಂಬ ಸುದ್ದಿ ಹರಡಿದರೆ ಯಾರ ಮುಖವೂ ಅರಳುತ್ತಿರಲಿಲ್ಲ. ಹರಟೆ ತಟ್ಟನೆ ನಿಲ್ಲುತ್ತಿತ್ತು, ಬಾಗಿದ ಬೆನ್ನುಗಳು ನೆಟ್ಟಗಾಗುತ್ತಿದ್ದವು, ಮಾತು ಶುರುಮಾಡಿದವಳು ಅರ್ಧಕ್ಕೇ ನುಂಗಿಕೊಳ್ಳುತ್ತಿದ್ದಳು.

ಈ ನೆಂಟರು ಮನುಷ್ಯರಲ್ಲ. ಒಳ್ಳೆಯ ಕಾಡತೂಸುಗಳ ಟ್ರೇಯೊಳಗೆ ಸೂಪರ್‌ವೈಸರ್ ಬೇಕೆಂದೇ ಬೆರೆಸಿ ಕಳಿಸುವ ಕೆಟ್ಟ ಕಾಡತೂಸುಗಳು. ಅವಕ್ಕೆ ಬರಿಗಣ್ಣಿಗೆ ಕಾಣದ ಯಾವುದೋ ಶಾಯಿ ಹಚ್ಚಿರುತ್ತದೆ. ಸೂಪರ್‌ವೈಸರ್ ಕೋಣೆಯ ನೇರಳೆ ದೀಪದಡಿ ಹಿಡಿದಾಗ ಮಾತ್ರ ಹೊಳೆಯುತ್ತದೆ. ಪಾಳಿ ಮುಗಿದ ಮೇಲೆ ಅವರು ಒಬ್ಬೊಬ್ಬರೂ ಕೆಟ್ಟದ್ದನ್ನು ಆರಿಸಿ ಹಾಕಿದ ಕೆಂಪು ಪೆಟ್ಟಿಗೆಯನ್ನೂ ದೀಪದಡಿ ಸುರಿದುಕೊಂಡು, ಕಳಿಸಿದ ನೆಂಟರೆಲ್ಲ ವಾಪಸು ಬಂದರೇ ಎಂದು ನೋಡುತ್ತಿದ್ದರು. ಬಂದಿದ್ದರೆ ಸಂತೋಷ. ಬಾರದಿದ್ದರೆ ಆ ಹೆಂಗಸು ಬೆಂಚು ಬಿಟ್ಟೆದ್ದು ಲೇಬಲ್ ಅಂಟಿಸುವ ವಿಭಾಗಕ್ಕೆ ಹೋಗಬೇಕು. ಅಲ್ಲಿ ಸಂಬಳ ಅಷ್ಟೇ, ಕೆಲಸ ಹಗುರ, ಕಿಟಕಿ ಕೂಡ ದೊಡ್ಡದು. ಆದರೂ ಅಲ್ಲಿಗೆ ಹೋಗುವುದೆಂದರೆ ಬೆಂಚಿನವರಿಗೆ ಜೀವಂತ ಇರುವಾಗಲೇ ಗೋಡೆಯ ಮೇಲೆ ಫೋಟೋ ಆದಂತೆ.

ಹದ್ದಕ್ಕನಿಗೆ ಮಾತ್ರ ನೆಂಟರ ಭಯ ಎಂದೂ ಇರಲಿಲ್ಲ. ಅವಳ ಹೆಸರೇ ಹೇಳುವಂತೆ ಹದ್ದಿನ ಕಣ್ಣು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಕ್ಕದ ಬೆಂಚಿನವಳ ಕೈಯಿಂದ ಜಾರಿ ಉರುಳುತ್ತಿದ್ದ ಕಾಡತೂಸನ್ನು ಕುರ್ಚಿಯಿಂದಲೇ ನೋಡಿ, “ಅದನ್ನ ಒಳ್ಳೇದರ ಜೊತೆ ಹಾಕಬೇಡ, ಕತ್ತು ಸೀಳಿದೆ” ಎಂದಿದ್ದಳಂತೆ. ಸೀಳಿತ್ತು. ಅಂದಿನಿಂದ ಅವಳ ನಿಜ ಹೆಸರು ಸಂಬಳದ ದಿನ ಬಿಟ್ಟರೆ ಬೇರಾರ ಬಾಯಲ್ಲೂ ಕೇಳಿಬರಲಿಲ್ಲ.

ಬೆಂಚಿನ ಕೆಲಸ ಜೋಡಿಯದ್ದು. ಹದ್ದಕ್ಕನ ಜೋಡಿ ಅವಳ ಸ್ವಂತ ನಾದಿನಿ, ಗಂಡನ ತಂಗಿ. ಅವಳಿರುವುದು ಇವರ ಮನೆಯ ಮೇಲಿನ ಮಹಡಿಯಲ್ಲೇ. ಮನೆಯಲ್ಲಿ ಅರ್ಧಕ್ಕೆ ಬಿಟ್ಟ ಜಗಳವನ್ನು ಬೆಂಚಿನಲ್ಲಿ ಮುಂದುವರಿಸಿ, ಬೆಂಚಿನಲ್ಲಿ ಉಳಿದದ್ದನ್ನು ಮತ್ತೆ ಮನೆಗೆ ಒಯ್ಯುವಷ್ಟು ಅನುಕೂಲವಿತ್ತು. ಟ್ರೇ ಮೊದಲು ನಾದಿನಿಯ ಮುಂದೆ ಬರುತ್ತದೆ. ಅವಳು ನೋಡಬೇಕಾದದ್ದು ಬುಡ ಮಾತ್ರ. ಹಿತ್ತಾಳೆ ಚಿಪ್ಪಿನ ಬುಡದ ನಡುವೆ ಕೂತಿರುವ ಪುಟ್ಟ ಕ್ಯಾಪ್ ಉಬ್ಬಿ ನಿಂತಿದೆಯೇ, ವಾರೆಯಾಗಿದೆಯೇ, ಅಥವಾ ಇಲ್ಲವೇ ಇಲ್ಲವೇ ಎಂದು ನೋಡಬೇಕು. ಆಮೇಲೆ ಅವಳು ಟ್ರೇಯನ್ನು ಹದ್ದಕ್ಕನ ಮುಂದಿನ ಉರುಳೆಗಳ ಮೇಲೆ ಸುರಿಯುತ್ತಾಳೆ. ಕಾಡತೂಸುಗಳು ತಮ್ಮಷ್ಟಕ್ಕೆ ಹೊರಳುತ್ತಾ ಸಾಗುತ್ತವೆ, ಅವುಗಳ ಅಡಿಯ ಮೈ ಕೆಳಗಿನ ಉದ್ದನೆಯ ಕನ್ನಡಿಯಲ್ಲಿ ಕಾಣುತ್ತದೆ. ಮೈ ನೋಡುವುದು ಹದ್ದಕ್ಕನ ಪಾಲು. ಗುಂಡನ್ನು ಹಿಡಿದಿರುವ ಕತ್ತಿನ ಸೀಳು, ಮೈಯ ತಗ್ಗು, ಒಳಕ್ಕೆ ಕುಸಿದ ಗುಂಡು, ಸಡಿಲವಾಗಿ ಅಲ್ಲಾಡುವ ಗುಂಡು, ಇವೆಲ್ಲ ಅವಳ ಲೆಕ್ಕ.

ಇದನ್ನೆಲ್ಲ ಕಲಿಸಿದ್ದು ಈಗ ಬದುಕಿಲ್ಲದ ಹಳೆಯ ಇನ್ಸ್‌ಪೆಕ್ಟರಮ್ಮ. ಆಕೆ ಪಾಠ ಹೇಳುತ್ತಿದ್ದ ರೀತಿಯೇ ಬೇರೆ. ಹೊಸಬಳನ್ನು ಕೂರಿಸಿಕೊಂಡು ಅವಳ ಬಲಗೆನ್ನೆಗೆ ತೋರುಬೆರಳು ಒತ್ತಿ, “ಇದು ಯಾರ ಕೆನ್ನೆ?” ಎಂದು ಕೇಳುತ್ತಿದ್ದರು. “ನನ್ನದು” ಎಂದರೆ ತಲೆಯಾಡಿಸುತ್ತಿದ್ದರು. “ಅಲ್ಲ ಮಗಳೇ. ಗುರಿ ಹಿಡಿಯೋವಾಗ ರೈಫಲಿನ ಹಿಡಿಗೆ ಹೀಗೇ ಒಂದು ಕೆನ್ನೆ ಒತ್ತಿರುತ್ತೆ. ಯಾರೋ ಕಾವಲುಗಾರಂದು, ಪಂದ್ಯಕ್ಕೆ ಅಂತ ಗುರಿ ಕಲೀತಿರೋ ಯಾವಳೋ ಹುಡುಗೀದು. ನೀನು ಬಿಟ್ಟ ಕೆಟ್ಟ ಕಾಡತೂಸು ಸಿಡಿಯೋದು ಆ ಕೆನ್ನೆ ಪಕ್ಕದಲ್ಲಿ. ಹಿತ್ತಾಳೆ ನೋಡ್ತಿದೀನಿ ಅಂದ್ಕೋಬೇಡ. ಕೆನ್ನೆ ನೋಡ್ತಿದೀನಿ ಅಂದ್ಕೋ.” ಹದ್ದಕ್ಕ ಆ ಮಾತನ್ನು ಮರೆತವಳಲ್ಲ.

ಕೆನ್ನೆ ಮರೆಯಲಿಲ್ಲ, ಸರಿ. ಆದರೆ ಈಚೆಗೆ ಕೆನ್ನೆ ಯಾರದ್ದೆಂದು ಗುರುತಿಸುವುದೇ ಕಷ್ಟವಾಗತೊಡಗಿತ್ತು.

ಒಂದು ಸಂಜೆ ಮನೆಗೆ ಬಂದವಳೇ ಬಾಗಿಲ ಹಿಂದೆ ನಿಂತಿದ್ದ ಗಂಡನಿಗೆ, “ಏನ್ರೀ, ಇವತ್ತು ಬೇಗ ಬಂದುಬಿಟ್ರಾ? ಹಾಗೆ ನಿಂತೇ ಇರೋ ಬದಲು ಚಹಾಕ್ಕಾದ್ರೂ ಇಡಬಾರದಾ?” ಎಂದು ಗದರಿಸಿದಳು. ಉತ್ತರ ಬರಲಿಲ್ಲ. ಇನ್ನೊಂದಿಷ್ಟು ಗದರಿಸಿದಳು. ಅಷ್ಟರಲ್ಲಿ ಗಂಡ ಬಚ್ಚಲಿನಿಂದ ಮುಖ ಒರೆಸಿಕೊಳ್ಳುತ್ತಾ ಬಂದ. ಅವನು ಬಸ್ ಡ್ರೈವರ್. ಬಾಗಿಲ ಹಿಂದಿನ ಮೊಳೆಗೆ ತೂಗಿದ್ದ ತನ್ನ ಕೋಟನ್ನೂ ಹೆಂಡತಿಯನ್ನೂ ಸರದಿಯಲ್ಲಿ ನೋಡಿ, “ಬೈಸಿಕೊಳ್ಳೋಕೆ ಅಂತ ಅವನನ್ನೇ ಇಟ್ಟುಕೋ, ನಾನು ಆರಾಮಾಗಿರ್ತೀನಿ” ಎಂದ.

“ಬೆಳಕು ಕಮ್ಮಿ ಇತ್ತು.”

“ನಮ್ಮ ಡಿಪೋದಲ್ಲಿ ವರ್ಷವರ್ಷ ಕಣ್ಣು ಪರೀಕ್ಷೆ ಮಾಡಿಸ್ತಾರೆ. ನೀನೂ ಒಂದು ಸಲ ತೋರಿಸ್ಕೊಂಡ್ರೆ ಏನು ಗಂಟು ಹೋಗುತ್ತೆ?”

ಹೋಗುವುದು ಏನೆಂದು ಅವಳಿಗೆ ಗೊತ್ತಿತ್ತು. ಹದ್ದು ಕನ್ನಡಕ ಹಾಕಿದ್ದನ್ನು ಯಾರಾದರೂ ಕಂಡಿದ್ದಾರೆಯೇ? ಅವಳು ಕೋಟನ್ನು ತೆಗೆದು ಕಪಾಟಿನೊಳಗೆ ಇಟ್ಟಳು. ಮತ್ತೆ ಮೋಸಹೋಗುವುದು ಬೇಡವೆಂದು.

ಬೆಂಚಿನಲ್ಲಿ ಮಾತ್ರ ಎಲ್ಲವೂ ಸುಗಮವಾಗಿತ್ತು. ಎಷ್ಟು ಸುಗಮವೆಂದರೆ, ಕೆಲವು ವಾರಗಳಿಂದ ಅವಳ ಉರುಳೆಗಳ ಮೇಲೆ ಕೆಟ್ಟ ಕಾಡತೂಸು ಬಂದದ್ದೇ ಅಪರೂಪ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಒಂದು ದಿನ ಎದುರು ಸಿಕ್ಕ ಮೆಷಿನ್ ಫೋರ್‌ಮನ್ನನ್ನು ನಿಲ್ಲಿಸಿ, “ನಿಮ್ಮ ಮೆಷಿನ್ನು ಈಗ ಬುದ್ಧಿ ಕಲಿತಿದೆ ಕಣಪ್ಪ. ಮೊದಲಿನ ತಂಟೆ ಇಲ್ಲ” ಎಂದು ಹೊಗಳಿದಳು. ಫೋರ್‌ಮನ್ ದೊಡ್ಡ ಮೀಸೆಯ, ಸಣ್ಣ ಮನಸ್ಸಿನ ಮನುಷ್ಯ. ತಪಾಸಣೆಯ ಹೆಂಗಸರ ಬಾಯಿಂದ ಅವನು ಬೈಗುಳವಲ್ಲದೆ ಬೇರೇನೂ ಕೇಳಿದವನಲ್ಲ. ಹೊಗಳಿಕೆ ಕೇಳಿ ಹೆದರಿಬಿಟ್ಟ. ಆ ದಿನವೆಲ್ಲ ಮೆಷಿನ್ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಇವಳೇನೋ ಬಲೆ ಹೆಣೆಯುತ್ತಿದ್ದಾಳೆ ಎಂದು ಗೊಣಗುತ್ತಿದ್ದನಂತೆ.

ಹದ್ದಕ್ಕನಿಗೆ ಇದ್ದ ಚಿಂತೆಯೆಂದರೆ ನಾದಿನಿಯದ್ದು. ಅವಳಿಗೆ ಈಚೆಗೆ ವಿಪರೀತ ಬಾಯಾರಿಕೆ. ಕೂತಲ್ಲಿಂದ ಎದ್ದು ಹಾಲಿನ ಮೂಲೆಯ ನೀರಿನ ಫಿಲ್ಟರಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಬೆಂಚಿನ ಹೆಂಗಸರು ಬಿಡುತ್ತಾರೆಯೇ? ಒಬ್ಬಳು ಫಿಲ್ಟರನ್ನು ಅವಳ ಕುರ್ಚಿ ಪಕ್ಕಕ್ಕೇ ಸಾಗಿಸೋಣ ಎಂದಳು. ಇನ್ನೊಬ್ಬಳು ಅವಳ ಹೊಟ್ಟೆಯ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಹದ್ದಕ್ಕ ಸಕ್ಕರೆ ಕಾಯಿಲೆಯೇ ಇರಬೇಕೆಂದು ತೀರ್ಮಾನಿಸಿ, ತನ್ನ ಮನೆಯ ಸಕ್ಕರೆ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿಟ್ಟು, ನಾದಿನಿಗೆ ಸಪ್ಪೆ ಚಹಾ ಕೊಡತೊಡಗಿದಳು. ನಾದಿನಿ ಮುಖ ಕಿವುಚಿಕೊಂಡು ಕುಡಿದಳು. ಏಕೆಂದು ಕೇಳಲಿಲ್ಲ. ಅದೂ ಹದ್ದಕ್ಕನಿಗೆ ವಿಚಿತ್ರವೆನಿಸಿತು.

ಆ ವಾರದ ಕೊನೆಯಲ್ಲಿ ಸೂಪರ್‌ವೈಸರ್ ಅವಳನ್ನು ಕೋಣೆಗೆ ಕರೆಸಿದರು. ಮೆತ್ತಗಿನ ಮಾತಿನವರು, ಯಾರನ್ನಾದರೂ ಗದರಿಸಬೇಕಾದರೆ ಮೊದಲು ತಾವೇ ಎರಡು ಸಲ ಕೆಮ್ಮುತ್ತಿದ್ದರು. ಈಗ ಕೆಮ್ಮಿದರು.

“ಕೂತ್ಕೊಳಿ ಅಕ್ಕ. ಇವತ್ತು ನಿಮ್ಮಲ್ಲಿಗೆ ನೆಂಟರನ್ನ ಕಳಿಸಿದ್ದೆ.”

“ಬರಲಿಲ್ವಲ್ಲ ಸಾರ್.”

“ಅದೇ ಸಮಾಚಾರ. ನಿಮ್ಮ ಕೆಂಪು ಪೆಟ್ಟಿಗೇಲಿ ಒಬ್ಬರೂ ಇಲ್ಲ. ಸರಿ, ಒಳ್ಳೇದರಲ್ಲಿ ನುಸುಳಿ ಹೋದರೇನೋ ಅಂತ ಆ ಟ್ರೇ ನೋಡಿದೆ. ಅಲ್ಲೂ ಇಲ್ಲ.” ಅವರು ಮತ್ತೆ ಕೆಮ್ಮಿದರು. “ಕೊನೆಗೆ ಸಿಕ್ಕಿದ್ದು ಮೂಲೆಯ ದೊಡ್ಡ ಡಬ್ಬದಲ್ಲಿ. ಇಡೀ ಹಾಲಿನ ರದ್ದಿ ಸುರೀತೀವಲ್ಲ, ಅದರಲ್ಲಿ. ಐದೂ ಜನ ಆರಾಮಾಗಿ ಮಲಗಿದ್ರು. ನಿಮ್ಮ ಬೆಂಚಿಂದ ಅಲ್ಲಿಗೆ ಅವರೇ ನಡಕೊಂಡು ಹೋಗಿರಲಿಕ್ಕಿಲ್ಲ ಅಲ್ವಾ?”

ಹದ್ದಕ್ಕ ಬಾಗಿಲಾಚೆ ಹಾಲಿನ ಮೂಲೆಯ ಕಡೆ ತಿರುಗಿ ನೋಡಿದಳು.

“ಯಾರು ಹಾಕಿದ್ರು ಅಂತ ನಾನು ಕೇಳಲ್ಲ” ಎಂದರು ಅವರು, ಮೇಜಿನ ಮೇಲಿನ ಪೆನ್ನನ್ನು ನೇರಮಾಡುತ್ತಾ. “ಕೇಳಿದರೆ ಬರೀಬೇಕಾಗುತ್ತೆ. ಆದರೆ ನಿಮ್ಮ ಕಣ್ಣು ಏನು ನೋಡಿತು, ಏನು ನೋಡಲಿಲ್ಲ ಅಂತ ನನಗೆ ಗೊತ್ತಾಗಬೇಕು ಅಕ್ಕ. ವಾರದ ರಜೆ ಮುಗಿಸಿ ಬನ್ನಿ. ಬಂದ ದಿನ ಮತ್ತೆ ಕಳಿಸ್ತೀನಿ. ಆವತ್ತು ಒಬ್ಬ ನೆಂಟ ತಪ್ಪಿದರೂ, ನನ್ನ ಕೈಯಲ್ಲಿ ಏನೂ ಇಲ್ಲ. ಲೇಬಲ್ ವಿಭಾಗ.”

ಮನೆಯ ದಾರಿಯುದ್ದಕ್ಕೂ ನಾದಿನಿ ಏನೇನೋ ಮಾತಾಡಿದಳು. ಹದ್ದಕ್ಕನ ಕಿವಿಗೆ ಒಂದೂ ಬೀಳಲಿಲ್ಲ. ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟು, ಅಭ್ಯಾಸದಂತೆ ಒಂದು ಲೋಟ ತಣ್ಣೀರನ್ನು ನಾದಿನಿಯ ಮುಂದೆ ಕುಕ್ಕಿದಳು.

“ನನಗೇನು ಬಾಯಾರಿಲ್ಲ ಅತ್ತಿಗೆ” ಎಂದಳು ನಾದಿನಿ.

ಹದ್ದಕ್ಕ ಲೋಟವನ್ನೇ ನೋಡುತ್ತಾ ನಿಂತಳು. ಈ ಹೆಂಗಸು ಮನೆಯಲ್ಲಿ ಎಂದಾದರೂ ನೀರು ಕೇಳಿದ್ದಾಳೆಯೇ? ಇಲ್ಲ. ದಾಹವೆಲ್ಲ ಹಾಲಿನಲ್ಲೇ. ಹಾಲಿನಲ್ಲಿ ಫಿಲ್ಟರ್ ಇರುವುದು ಎಲ್ಲಿ? ಮೂಲೆಯಲ್ಲಿ. ಫಿಲ್ಟರಿನ ಮಗ್ಗುಲಲ್ಲಿ ಇರುವುದು ಏನು?

“ಸಕ್ಕರೆ ಕಾಯಿಲೆ ಅಲ್ವಾ ನಿನಗೆ?” ಎಂದಳು ಮೆಲ್ಲಗೆ.

“ಯಾರು ಹೇಳಿದ್ದು? ಅದಕ್ಕಾ ಇಷ್ಟು ದಿನ ಆ ಕಷಾಯ ಕುಡಿಸಿದ್ದು? ನಾನು ಅಣ್ಣನ ಕೈ ಬಿಗಿ ಆಗಿದೆ, ಸಕ್ಕರೆ ತರ್ತಿಲ್ಲ, ಬಾಯಿಬಿಟ್ಟು ಕೇಳಿ ನಿಮ್ಮ ಮನಸ್ಸು ನೋಯಿಸೋದು ಬೇಡ ಅಂತ ಸುಮ್ಮನಿದ್ದೆ.”

“ದೊಡ್ಡ ಡಬ್ಬಕ್ಕೆ ಹಾಕಿದ್ದು ನೀನು.”

ನಾದಿನಿ ಲೋಟ ಎತ್ತಿಕೊಂಡು, ಬಾಯಾರಿಲ್ಲದಿದ್ದರೂ ಅರ್ಧ ಕುಡಿದಳು. ಆಮೇಲೆ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಒಂದು ದಿನ ಹದ್ದಕ್ಕನ ಉರುಳೆಗಳ ಮೇಲೆ ಕತ್ತು ಸೀಳಿದ್ದೊಂದು ರಾಜಗಾಂಭೀರ್ಯದಿಂದ ಸಾಗಿಹೋದದ್ದನ್ನು ತಾನು ನೋಡಿದ್ದು, ಹದ್ದಕ್ಕ ಅದನ್ನು ನೋಡುತ್ತಲೇ ಬಿಟ್ಟದ್ದು, ತಾನು ಕೈಚಾಚಿ ಎತ್ತಿಕೊಂಡದ್ದು. ಅಂದಿನಿಂದ ಬುಡ ನೋಡುವಾಗಲೇ ಮೈಯನ್ನೂ ನೋಡಿ, ಕೆಟ್ಟದ್ದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ತನ್ನ ಪೆಟ್ಟಿಗೆಗೆ ಹಾಕಿದರೆ ಗುಟ್ಟು ಬಯಲಾಗುತ್ತದೆಂದು ನೀರಿನ ನೆಪದಲ್ಲಿ ಡಬ್ಬಕ್ಕೆ ಹಾಕಿದ್ದು. “ನಿಮಗೆ ಹೇಳಿದ್ರೆ ಬೇಜಾರು ಮಾಡ್ಕೊಳ್ತೀರ. ಹೇಳದಿದ್ರೆ ಕೆಟ್ಟದ್ದು ಹೋಗುತ್ತೆ. ಅದಕ್ಕೇ ಹೀಗೆ ಮಾಡ್ದೆ. ಒಂದನ್ನೂ ಬಿಟ್ಟಿಲ್ಲ ಅತ್ತಿಗೆ, ಆಣೆ. ನೆಂಟರೂ ಅದರಲ್ಲಿರ್ತಾರೆ ಅಂತ ಮಾತ್ರ ಹೊಳೀಲಿಲ್ಲ.”

ಹದ್ದಕ್ಕನಿಗೆ ಮೊದಲು ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಗು ಬಂತು: ಪರೀಕ್ಷೆಯಲ್ಲಿ ಪಾಸಾಗಲಿ ಎಂದು ಪ್ರಶ್ನೆಪತ್ರಿಕೆಯನ್ನೇ ಕದ್ದು ಬಚ್ಚಿಟ್ಟವಳು ಇವಳು. ನಗುವಿನ ಹಿಂದೆ ಬಂದದ್ದಕ್ಕೆ ಏನು ಹೆಸರೋ ಅವಳಿಗೆ ತಿಳಿಯಲಿಲ್ಲ. ಕೈ ಚಾಚಿ ನಾದಿನಿಯ ಬಲಗೆನ್ನೆಗೆ ತೋರುಬೆರಳು ಒತ್ತಿದಳು.

“ಇದು ಯಾರ ಕೆನ್ನೆ?”

“ಗೊತ್ತು ಬಿಡಿ, ಆ ಪಾಠ ನನಗೂ ಆಗಿದೆ.”

“ಗೊತ್ತಿದ್ದರೆ ಕೇಳು. ಆ ಕೆನ್ನೆಗೆ ಅಂತ ನಾಲ್ಕು ಕಣ್ಣು ಇಟ್ಟಿದ್ದಾರೆ, ನಿನ್ನವೆರಡು, ನನ್ನವೆರಡು. ನೀನು ಎರಡರಲ್ಲೇ ಬುಡಾನೂ ಮೈಯೂ ನೋಡ್ತಾ ಇದ್ದೆ. ಒಂದು ದಿನ ನಿನಗೆ ತಲೆನೋವು ಬಂದಿದ್ರೆ? ನಿದ್ದೆಗೆಟ್ಟು ಬಂದಿದ್ರೆ?” ಬೆರಳು ಹಿಂತೆಗೆದು, “ತಪ್ಪು ನಿಂದಲ್ಲ. ಕೋಟಿಗೆ ಬೈದ ದಿನಾನೇ ನಾನು ಹೋಗಿ ತೋರಿಸ್ಕೋಬೇಕಿತ್ತು” ಎಂದಳು.

“ಯಾವ ಕೋಟು?”

“ಅದು ನಿಮ್ಮ ಅಣ್ಣನ ಹತ್ರ ಕೇಳು. ಅವರಂತೂ ಇನ್ನೂ ನಗ್ತಿದ್ದಾರೆ.” ಮೇಲಿನ ಹಲಗೆಯಿಂದ ಸಕ್ಕರೆ ಡಬ್ಬಿಯನ್ನು ಇಳಿಸಿ, ನಾದಿನಿಯ ಚಹಾಕ್ಕೆ ಹಳೆಯ ಬಾಕಿಯನ್ನೂ ಸೇರಿಸಿ ಹಾಕಿದಳು. ಚಮಚ ನೆಟ್ಟಗೆ ನಿಲ್ಲುವಷ್ಟು.

ರಜೆಯ ದಿನ ಇಬ್ಬರೂ ಕನ್ನಡಕದ ಅಂಗಡಿಗೆ ಹೋದರು. ಅಂಗಡಿಯವನು ಗೋಡೆಯ ಮೇಲಿನ ಅಕ್ಷರದ ಹಲಗೆಯ ಮುಂದೆ ಅವಳನ್ನು ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಒಂದಾದ ಮೇಲೊಂದು ಗಾಜು ಹಾಕುತ್ತಾ ಹೋದ. ಮಂಜು ಕರಗಿದಂತೆ ಹಲಗೆ ಹತ್ತಿರ ಬಂತು.

“ಮೂರನೇ ಸಾಲು ಓದಿ ಅಮ್ಮ.”

“ಎರಡನೇ ಅಕ್ಷರದ ಕಾಲು ಮುರಿದಿದೆ” ಎಂದಳು ಹದ್ದಕ್ಕ. “ಕೆಳಗಿನ ಅಂಚಲ್ಲಿ ಒಂದು ತಗ್ಗು. ಐದನೇದರ ಬಣ್ಣ ಒಂದು ಕಡೆ ತೆಳು.”

ಅಂಗಡಿಯವನು ಹಲಗೆಯ ಹತ್ತಿರ ಹೋಗಿ, ಬಾಗಿ, ಬೆರಳಾಡಿಸಿ ನೋಡಿದ. “ಓದಿ ಅಂದೆ ಅಮ್ಮ, ತಪಾಸಣೆ ಮಾಡಿ ಅನ್ನಲಿಲ್ಲ.”

“ಅವರಿಗೆ ಬೇರೆ ಥರ ಓದೋಕೆ ಬರಲ್ಲ” ಎಂದಳು ನಾದಿನಿ.

ಕನ್ನಡಕ ಸಂಜೆಗೆ ಸಿದ್ಧವಾಯಿತು. ಹಾಕಿಕೊಂಡು ಹದ್ದಕ್ಕ ಮೊದಲು ನೋಡಿದ್ದು ಎದುರಿಗಿದ್ದ ನಾದಿನಿಯ ಮುಖವನ್ನು. ಅವಳ ಕಣ್ಣುಗಳ ಕೆಳಗೆ ಕಪ್ಪಗೆ ಎರಡು ಅರ್ಧಚಂದ್ರ. ಇಬ್ಬರ ಕೆಲಸವನ್ನು ಒಬ್ಬಳೇ ನೋಡಿ ನೋಡಿ ಬಂದದ್ದು. ಅದು ತನಗೆ ಇಷ್ಟು ದಿನ ಕಾಣಿಸಿರಲೇ ಇಲ್ಲ.

“ಏನು ಹಾಗೆ ನೋಡ್ತೀರ?”

“ಇಷ್ಟು ದಿನ ನೀನು ಸುಂದರಿ ಅಂದ್ಕೊಂಡಿದ್ದೆ.”

“ಕನ್ನಡಕ ವಾಪಸು ಕೊಡಿ, ಇನ್ನೂ ಅಂಗಡಿ ಮುಚ್ಚಿಲ್ಲ.”

ಪರೀಕ್ಷೆಯ ಬೆಳಿಗ್ಗೆ ಹಾಲಿಗೆ ಹಾಲೇ ಕತ್ತು ತಿರುಗಿಸಿ ಕೂತಿತ್ತು. ಹದ್ದಕ್ಕ ಚೀಲದಿಂದ ಕನ್ನಡಕ ತೆಗೆದಾಗ ಯಾರೋ ಕಿಸಕ್ಕೆಂದರು. “ಹದ್ದಿಗೆ ಕಿಟಕಿ ಇಡಿಸಿದ್ದಾರೆ ನೋಡ್ರೇ” ಎಂದಿತು ಒಂದು ದನಿ. “ಕಿಟಕಿ ಇಡಿಸಿದ್ದು ನಿನ್ನ ಮುಖ ಸರಿಯಾಗಿ ಕಾಣಲಿ ಅಂತ. ಈಗ ಅನ್ನಿಸ್ತಿದೆ, ಇಡಿಸಬಾರದಿತ್ತು” ಎಂದಳು ಹದ್ದಕ್ಕ, ತಿರುಗಿ ಕೂಡ ನೋಡದೆ. ನಗು ಅವಳ ಕಡೆಗೆ ವಾಲಿತು. ನಾದಿನಿ ಮಾತ್ರ ನಗಲಿಲ್ಲ. ಇಂದು ತಾನು ಬುಡ ಬಿಟ್ಟು ಬೇರೇನೂ ನೋಡುವುದಿಲ್ಲ, ಕುರ್ಚಿಯಿಂದ ಏಳುವುದೂ ಇಲ್ಲ ಎಂದು ಮಾತು ಕೊಟ್ಟಿದ್ದಳು. ಅವಳಿಗೆ ಆ ಟ್ರೇಯ ಮೇಲಿಂದ ಕೈ ಹಿಂತೆಗೆಯುವುದು ಅಳುವ ಮಗುವನ್ನು ಎತ್ತಿಕೊಳ್ಳದೆ ಕೂತಷ್ಟು ಕಷ್ಟವಾಗಿತ್ತು.

ಉರುಳೆಗಳು ತಿರುಗತೊಡಗಿದವು. ಅಬ್ಬಾ, ಎಷ್ಟು ಕಾಣುತ್ತಿತ್ತು. ಹಿತ್ತಾಳೆಯ ಮೇಲೆ ಮೆಷಿನ್ನಿನ ಸಣ್ಣ ಗೆರೆಗಳು, ಗುಂಡಿನ ತುದಿಯ ಹೊಳಪು, ಚಿಪ್ಪೂ ಗುಂಡೂ ಕೂಡುವ ಬಾಯಂಚು. ಒಂದು ತಗ್ಗು ಕಂಡಿತು. ಎತ್ತಿ ಕೆಂಪು ಪೆಟ್ಟಿಗೆಗೆ ಹಾಕಿದಳು. ಒಂದರ ಗುಂಡು ಬೆರಳಿಗೆ ಅಲ್ಲಾಡಿತು, ಅದೂ ಪೆಟ್ಟಿಗೆಗೆ. ಬೆಂಚು ಮತ್ತೆ ತನ್ನದಾಗುತ್ತಿದೆ ಎನಿಸಿ ಅವಳು ಕನ್ನಡಿಯ ಮೇಲೆ ಇನ್ನಷ್ಟು ಬಾಗಿದಳು.

ಅಷ್ಟರಲ್ಲಿ ಕನ್ನಡಿಯಲ್ಲಿ ಕಾಣಿಸಿತು, ಒಂದು ಕಾಡತೂಸಿನ ಕತ್ತಿನಲ್ಲಿ ಕೂದಲೆಳೆಯಂಥ ಸೀಳು. ಎತ್ತಿಟ್ಟಳು. ಮುಂದಿನದರಲ್ಲೂ ಸೀಳು, ಅದೇ ಜಾಗದಲ್ಲಿ. ಅದರ ಮುಂದಿನದರಲ್ಲೂ. ಅವೆರಡನ್ನೂ ಎತ್ತಿಟ್ಟಳು. ಸಾಲಿಗೆ ಸಾಲೇ ಸೀಳಿದರೆ ಹಿತ್ತಾಳೆಯನ್ನೇ ಸರಿಯಾಗಿ ಹದ ಮಾಡಿಲ್ಲವೆಂದು ಅರ್ಥ, ಎಷ್ಟು ಕೆನ್ನೆಗಳೋ. ಯೋಚಿಸುತ್ತಾ ಕೂರದೆ ಬೆಂಚಿನ ಮೇಲೆ ತೂಗುತ್ತಿದ್ದ ಕೆಂಪು ಹಗ್ಗವನ್ನು ಎಳೆದುಬಿಟ್ಟಳು.

ಗಂಟೆ ಹೊಡೆಯಿತು. ಹಾಲಿನ ಉರುಳೆಗಳೆಲ್ಲ ನಿಂತವು, ಗೋಡೆಯಾಚೆ ಮೆಷಿನ್ನುಗಳೂ ನಿಂತವು. ಆ ಹಗ್ಗ ಎಳೆದದ್ದನ್ನು ನೋಡಿದ ನೆನಪೇ ಯಾರಿಗೂ ಇರಲಿಲ್ಲ. ಫೋರ್‌ಮನ್ ಮೀಸೆ ಮುಂದಾಗಿ ಓಡಿಬಂದ, ಹಿಂದೆ ಸೂಪರ್‌ವೈಸರ್ ಕೆಮ್ಮುತ್ತಾ ಬಂದರು.

“ಕತ್ತು ಸೀಳಿದೆ. ಸಾಲು ಪೂರ್ತಿ” ಎಂದು ಹದ್ದಕ್ಕ ಎತ್ತಿಟ್ಟಿದ್ದ ಮೊದಲನೆಯದನ್ನು ಫೋರ್‌ಮನ್ನನ ಕೈಗೆ ಕೊಟ್ಟಳು.

ಅವನು ಅದರ ಕತ್ತನ್ನು ಬೆಳಕಿಗೆ ಹಿಡಿದ. ಜೇಬಿನ ಭೂತಗನ್ನಡಿಯಲ್ಲಿ ನೋಡಿದ. ಉಗುರಿನಿಂದ ಕೆರೆದ. “ಎಲ್ಲಿ ತಾಯಿ ಸೀಳು? ಮೊನ್ನೆ ಹೊಗಳಿದಾಗಲೇ ಅಂದ್ಕೊಂಡೆ, ಇದಕ್ಕೇ ಮುನ್ನುಡಿ ಅಂತ. ಅಪ್ಪಟ ಚಿನ್ನದಂಥಾ ಮಾಲು ಇದು” ಎಂದು ಅದನ್ನು ಒಳ್ಳೆಯವುಗಳ ಟ್ರೇಗೆ ತಾನೇ ಟಣ್ಣೆಂದು ಹಾಕಿದ.

ಹದ್ದಕ್ಕ ಮತ್ತೆ ಕನ್ನಡಿಗೆ ಬಾಗಿದಳು. ಸೀಳು ಇದ್ದಲ್ಲೇ ಇತ್ತು. ನಿಂತ ಉರುಳೆಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿದಳು. ಕಾಡತೂಸು ಹೊರಳಿತು. ಸೀಳು ಹೊರಳಲಿಲ್ಲ.

ಅವಳು ಕನ್ನಡಕ ಸರಿಪಡಿಸಿಕೊಂಡು, ಎರಡು ಬೆರಳು ತೂರಿಸಿ, ಕನ್ನಡಿಯ ಮೇಲಿಂದ ಒಂದು ನರೆಗೂದಲನ್ನು ಎತ್ತಿದಳು. ಉದ್ದನೆಯದು, ಸ್ವಲ್ಪ ಗುಂಗುರು. ಯಾರದ್ದೆಂದು ಕೇಳುವ ಅಗತ್ಯವಿರಲಿಲ್ಲ.

“ಮಾಲು ಚೆನ್ನಾಗಿದೆ” ಎಂದಳು ಎಲ್ಲರಿಗೂ ಕೇಳುವಂತೆ. “ಕೆಟ್ಟಿರೋದು ನನ್ನ ತಲೆ.”

ಮೊದಲು ನಕ್ಕವರು ಸೂಪರ್‌ವೈಸರ್. ಆಮೇಲೆ ಇಡೀ ಹಾಲು ಬೆಂಚು ಬಡಿದು ನಕ್ಕಿತು. ಫೋರ್‌ಮನ್ ನಗಬಾರದೆಂದು ಬಹಳ ಕಷ್ಟಪಟ್ಟ, ಮೀಸೆ ಕೈಕೊಟ್ಟಿತು. ಹದ್ದಕ್ಕ ಕೂದಲನ್ನೆಲ್ಲ ಬಿಗಿಯಾಗಿ ಬಟ್ಟೆಯೊಳಗೆ ಕಟ್ಟಿಕೊಂಡು, ಎತ್ತಿಟ್ಟಿದ್ದ ಉಳಿದೆರಡನ್ನು ಮತ್ತೆ ಉರುಳೆಗೆ ಹಾಕಿ, ಟ್ರೇ ಮುಗಿಯುವವರೆಗೆ ಕತ್ತು ಎತ್ತಲಿಲ್ಲ.

ಪಾಳಿ ಮುಗಿಯುವುದನ್ನು ಕಾಯದೆ ಸೂಪರ್‌ವೈಸರ್ ನೇರಳೆ ದೀಪವನ್ನು ಅಲ್ಲಿಗೇ ತರಿಸಿದರು. ಕೆಂಪು ಪೆಟ್ಟಿಗೆ ಸುರಿದರು. ಒಂದೊಂದಾಗಿ ನೆಂಟರು ಹೊಳೆದರು. ನಾಲ್ಕು. ಅವರು ಇನ್ನೊಮ್ಮೆ ಸುರಿದು ನೋಡಿದರು. ನಾಲ್ಕೇ. ನಾದಿನಿ ಯಾರೂ ಕೇಳದಿದ್ದರೂ ಎರಡೂ ಖಾಲಿ ಅಂಗೈಗಳನ್ನು ಮೇಲೆತ್ತಿ ತೋರಿಸಿದಳು.

ಐದನೆಯದು ಒಳ್ಳೆಯವುಗಳ ಟ್ರೇಯಲ್ಲಿ ಹೊಳೆಯಿತು, ಎಲ್ಲಕ್ಕಿಂತ ಮೇಲೆ, ಒಂದು ಮೂಲೆಯಲ್ಲಿ. ಫೋರ್‌ಮನ್ ಟಣ್ಣೆಂದು ಹಾಕಿದ್ದ ಜಾಗದಲ್ಲಿ.

“ಅದನ್ನ ಹಾಕಿದ್ದು ಇವರು” ಎಂದು ನಾದಿನಿ ಕೂತಲ್ಲಿಂದಲೇ ಕೂಗಿದಳು. “ನಮ್ಮ ಅತ್ತಿಗೆ ತೆಗೆದಿಟ್ಟಿದ್ರು. ಚಿನ್ನ ಅಂತೆ, ಚಿನ್ನ. ಮೆಷಿನ್ನಿನವರು ನಮ್ಮ ಟ್ರೇ ಮುಟ್ಟೋ ಹಾಗೇ ಇಲ್ಲ.” ಬೆಂಚಿಗೆ ಬೆಂಚೇ ಹೌದೌದು ಎಂದಿತು. ಫೋರ್‌ಮನ್ ಬೆವರು ಒರೆಸಿಕೊಂಡ. ಸೂಪರ್‌ವೈಸರ್ ಮುಖ ಹಗುರವಾಯಿತು. “ಹಾಗಾದರೆ ಅಕ್ಕ ತೆಗೆದ ಲೆಕ್ಕವೇ. ಐದಕ್ಕೆ ಐದು.”

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹದ್ದಕ್ಕ ಸುಮ್ಮನಿದ್ದಳು ಕೂಡ, ಒಂದು ಉಸಿರಿನಷ್ಟು ಹೊತ್ತು. ಆಮೇಲೆ ತನ್ನ ಬಲಗೆನ್ನೆಯನ್ನು ಕೈಯಿಂದ ಒರೆಸಿಕೊಂಡಳು.

“ಲೆಕ್ಕಕ್ಕೆ ಹಿಡೀಬೇಡಿ ಸಾರ್. ನಾನು ಅದನ್ನ ತೆಗೆದಿದ್ದು ಕೂದಲು ನೋಡಿ. ಅದರ ನಿಜವಾದ ದೋಷ ನಾನು ನೋಡಿಲ್ಲ. ಕೂದಲಿಲ್ಲದಿದ್ರೆ ಬಿಟ್ಟುಬಿಡ್ತಿದ್ನೋ ಏನೋ. ಇನ್ನೊಂದು ಟ್ರೇಲಿ ಬೆರೆಸಿ ಕೊಡಿ.”

“ಅತ್ತಿಗೆ, ನಿಮಗೇನಾದ್ರೂ ತಲೆ ಕೆಟ್ಟಿದೆಯಾ?” ಎಂದಳು ನಾದಿನಿ.

“ಆಗಲೇ ಹೇಳಿದ್ನಲ್ಲ.”

ಸೂಪರ್‌ವೈಸರ್ ಕೆಮ್ಮಲಿಲ್ಲ. ಟ್ರೇಯನ್ನು ಕೋಣೆಗೆ ಒಯ್ದು, ಬೆರೆಸಿ ತಂದು ಮುಂದಿಟ್ಟರು. ಹದ್ದಕ್ಕ ಉರುಳೆಯಲ್ಲಿ ಒಮ್ಮೆ ಹಾಯಿಸಿದಳು. ಸೀಳಿಲ್ಲ, ತಗ್ಗಿಲ್ಲ, ಅಲ್ಲಾಡುವುದಿಲ್ಲ. ಲೇಬಲ್ ವಿಭಾಗದ ದೊಡ್ಡ ಕಿಟಕಿ ಕಣ್ಣಮುಂದೆ ಬಂದು ನಿಂತಿತು. ಆಗ ಅವಳು ಕನ್ನಡಿಯನ್ನು ಬಿಟ್ಟು, ಕಾಡತೂಸುಗಳನ್ನು ಸಾಲುಸಾಲಾಗಿ ನೆಟ್ಟಗೆ ಬೆಂಚಿನ ಮೇಲೆ ನಿಲ್ಲಿಸತೊಡಗಿದಳು, ಶಾಲೆಯ ಅಂಗಳದಲ್ಲಿ ಮಕ್ಕಳನ್ನು ನಿಲ್ಲಿಸಿದಂತೆ. ಆಮೇಲೆ ಗಲ್ಲವನ್ನು ಬೆಂಚಿಗೆ ಊರಿ, ಕನ್ನಡಕದ ಮೂಲಕ ತಲೆಗಳ ಮಟ್ಟವನ್ನು ನೋಡುತ್ತಾ ಹೋದಳು. ಮೂರನೆಯ ಸಾಲಿನಲ್ಲಿ ಒಬ್ಬ ಮಂಡಿ ಬಗ್ಗಿಸಿ ನಿಂತಂತೆ ಕಂಡ. ಉಳಿದವರಿಗಿಂತ ಉಗುರಿನ ದಪ್ಪದಷ್ಟು ಗಿಡ್ಡ.

“ಬಂದ್ಯಾ ಮಹಾರಾಯ” ಎಂದು ಅದನ್ನು ಎತ್ತಿದಳು. ನೇರಳೆ ದೀಪದಡಿ ಅದು ಹೊಳೆಯಿತು.

ಫೋರ್‌ಮನ್ ಹತ್ತಿರ ಬಂದು ಬಾಗಿ ನೋಡಿದ. “ಗುಂಡು ಸ್ವಲ್ಪ ಒಳಕ್ಕೆ ಕೂತಿದೆ. ಅಷ್ಟೇ ತಾನೆ? ಹಾರೋದು ಹಾರುತ್ತೆ.” ಕೇಳಿದ ರೀತಿಯಲ್ಲಿ ಜಗಳವಿರಲಿಲ್ಲ.

“ಹಾರುತ್ತಪ್ಪ. ಆದರೆ ಒಳಗೆ ಮದ್ದಿಗೆ ಇದ್ದ ಜಾಗ ಅಷ್ಟು ಕಮ್ಮಿ ಆಯ್ತಲ್ಲ. ಸಣ್ಣ ಪಾತ್ರೇಲಿ ಅಷ್ಟೇ ನೀರು ಕುದಿಸಿ ಮುಚ್ಚಳ ಬಿಗಿದ ಹಾಗೆ. ಒತ್ತಡ ಏರುತ್ತೆ. ಗುಂಡು ಮುಂದಕ್ಕೆ ಹೋಗೋ ಮೊದಲೇ ಚಿಪ್ಪು ಹಿಂದಕ್ಕೆ ಒಡೆದರೆ ಬೆಂಕಿ ಬರೋದು ಯಾರ ಕಡೆ?” ಅವಳು ಅವನ ಕೆನ್ನೆಯ ಕಡೆ ಬೆರಳು ತೋರಿಸಿದಳು. ಮುಟ್ಟಲಿಲ್ಲ. ಫೋರ್‌ಮನ್ ತಾನೇ ಕೈಯೆತ್ತಿ ಆ ಜಾಗವನ್ನು ಮುಟ್ಟಿಕೊಂಡ.

“ನೀವು ಕತ್ತು ಅಂದ್ರಿ, ನಾನು ಕತ್ತೊಂದನ್ನೇ ನೋಡಿದೆ” ಎಂದು ಗೊಣಗಿದ. ಭೂತಗನ್ನಡಿಯನ್ನು ಜೇಬಿಗಿಳಿಸಿ, “ಆ ಗುಂಡು ಕೂರಿಸೋ ಅಚ್ಚು ಸರಿಯಿದೆಯಾ ಅಂತ ಒಂದ್ಸಲ ನೋಡಿಬಿಡ್ತೀನಿ” ಎಂದು ಹೊರಟ. ಬಾಗಿಲ ಬಳಿ ಹೋದವನು ತಿರುಗಿ ಬಂದು, ತನ್ನ ಭೂತಗನ್ನಡಿ ಒರೆಸುವ ಮೆತ್ತನೆಯ ಬಟ್ಟೆಯ ತುಂಡನ್ನು ಅವಳ ಬೆಂಚಿನ ಮೇಲಿಟ್ಟ. “ಕನ್ನಡಕಕ್ಕೆ. ಏಪ್ರನ್ನಲ್ಲಿ ಒರೆಸಬೇಡಿ, ಗೀರು ಬೀಳುತ್ತೆ.”

ಸೂಪರ್‌ವೈಸರ್ ದೀಪ ಆರಿಸಿದರು. “ನಾಳೆ ಇದೇ ಕುರ್ಚಿ ಅಕ್ಕ” ಎಂದಷ್ಟೇ ಹೇಳಿ ಹೊರಟವರು, ಹಾಲಿನ ನಡುವೆ ನಿಂತು ಯಾರನ್ನೂ ನೋಡದೆ, “ಬೇರೆ ಯಾರಿಗಾದ್ರೂ ಮನೇಲಿ ಕೋಟು ಮಾತಾಡಿಸೋ ಅಭ್ಯಾಸ ಇದ್ದರೆ, ಕನ್ನಡಕ ಹಾಕ್ಕೊಂಡು ಬರೋದಕ್ಕೆ ನನ್ನ ಅಡ್ಡಿಯಿಲ್ಲ” ಎಂದರು. ಕೋಟಿನ ಸುದ್ದಿ ಇವರವರೆಗೆ ಹೋದದ್ದು ಹೇಗೆಂದು ಹದ್ದಕ್ಕ ನಾದಿನಿಯನ್ನು ದುರುಗುಟ್ಟಿ ನೋಡಿದಳು. ಅಷ್ಟರಲ್ಲಿ ಕೊನೆಯ ಬೆಂಚಿನಲ್ಲಿ ಚೀಲವೊಂದರ ಜಿಪ್ ಸರಿದ ಸದ್ದಾಯಿತು. ಆಮೇಲೆ ನಡುವಿನ ಬೆಂಚಿನಲ್ಲಿ ಇನ್ನೊಂದು. ಬೆಳಿಗ್ಗೆ ಕಿಟಕಿಯ ಮಾತೆತ್ತಿದ್ದವಳು ಎಲ್ಲರಿಗಿಂತ ದಪ್ಪ ಗಾಜಿನದನ್ನು ಹೊರತೆಗೆದು, ಏನೂ ಆಗದವಳಂತೆ ಮೂಗಿಗೇರಿಸಿಕೊಂಡಳು.

ನಾದಿನಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದಳು. ಬೆಳಗಿನಿಂದ ಕುರ್ಚಿ ಬಿಟ್ಟು ಕದಲಿರಲಿಲ್ಲ, ಕೊಟ್ಟ ಮಾತಿನಂತೆ. ತುಟಿಗಳು ಒಣಗಿ ಬಿಳಿಚಿದ್ದವು. ಕನ್ನಡಕದಲ್ಲಿ ಅದು ಚೆನ್ನಾಗಿ ಕಾಣುತ್ತಿತ್ತು.

ಹದ್ದಕ್ಕ ಎದ್ದು, ಅಷ್ಟುದ್ದದ ಹಾಲನ್ನು ದಾಟಿ ಮೂಲೆಗೆ ಹೋಗಿ, ಫಿಲ್ಟರಿನಿಂದ ಲೋಟದ ತುಂಬ ನೀರು ಹಿಡಿದು ತಂದಳು. ತುಳುಕದಂತೆ ನಾದಿನಿಯ ಕೈಗೆ ಕೊಟ್ಟಳು.

“ಕುಡಿ. ಇವತ್ತು ನಿಜವಾಗ್ಲೂ ಬಾಯಾರಿರುತ್ತೆ.”

ನಾದಿನಿ ಗಟಗಟನೆ ಕುಡಿದು, ಲೋಟವನ್ನು ಮತ್ತೆ ಮುಂದೆ ಚಾಚಿದಳು.